ಅಲಾಶೆಹಿರಿಗೆ ಹೋದ ನಮ್ಮ ನಾಲ್ಕು ಕಿಲೋ ಒಣದ್ರಾಕ್ಷಿ

ಅಥಣಿ

ಸೆಪ್ಟೆಂಬರ್ ಎರಡು, ಮಂಗಳವಾರ, ಬೆಳಿಗ್ಗೆ ಐದೂವರೆ. ಅಥಣಿ ಬಸ್ ನಿಲ್ದಾಣದಲ್ಲಿ ಹಾಜರಿದ್ದವರು ನಾಲ್ವರು: ನಾನು, ನನ್ನ ಜೊತೆ ಹೊರಟ ಮಲ್ಲವ್ವ, ಅವಳನ್ನು ಕಳಿಸಲು ಬಂದ ಗಂಡ, ನಮ್ಮ ದ್ರಾಕ್ಷಿ ಬೆಳೆಗಾರರ ಸಂಘದ ಅಧ್ಯಕ್ಷರು. ಸಾಮಾನು ಎರಡು ಪೆಟ್ಟಿಗೆ, ಒಂದು ರೊಟ್ಟಿಯ ಗಂಟು, ನಾಲ್ಕು ಕಿಲೋ ಒಣದ್ರಾಕ್ಷಿಯ ಒಂದು ಚೀಲ. ಚೀಲದ ಬಾಯನ್ನು ಹಿಂದಿನ ದಿನ ನಾನೇ ಹೊಲಿದಿದ್ದೆ.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಕವಾಯತು ಕಲಿಸಿದವಳು. ನಿವೃತ್ತಿಯ ನಂತರ ತೆಲಸಂಗದ ಹತ್ತಿರ ಸಂಘದ ಒಣದ್ರಾಕ್ಷಿ ಶೆಡ್ಡಿನ ಮೇಲ್ವಿಚಾರಣೆ ನನ್ನದಾಗಿತ್ತು. ಅಲ್ಲಿ ಮೂವತ್ತೆರಡು ಹೆಂಗಸರು ಕೂತು ದ್ರಾಕ್ಷಿಯಿಂದ ಕಡ್ಡಿ, ಕಲ್ಲು, ಕೆಟ್ಟ ಕಾಳು ಆರಿಸುತ್ತಾರೆ. ಮಲ್ಲವ್ವನ ಕೈ ಅವರಲ್ಲೆಲ್ಲ ಚುರುಕು. ಈ ಬೇಸಿಗೆಯಲ್ಲಿ ನಮ್ಮ ಒಂದು ಲೋಡು ಮಾಲು ವಾಪಸು ಬಂದಿತ್ತು. ಅದರಲ್ಲಿ ಗಾಜಿನ ಚೂರು ಸಿಕ್ಕಿತ್ತಂತೆ. ಸಂಘದ ಸಭೆಯಲ್ಲಿ ನಾನು ಎದ್ದು ನಿಂತು, ಆ ಗಾಜು ನಮ್ಮ ಶೆಡ್ಡಿನದಲ್ಲ, ದಾರಿಯಲ್ಲಿ ಎಲ್ಲೋ ಸೇರಿದ್ದು ಎಂದು ಹೇಳಿದ್ದೆ. ಹೇಳುವಾಗ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಕಣ್ಣಿರುವ ಯಂತ್ರಗಳು ದ್ರಾಕ್ಷಿ ಆರಿಸುವುದನ್ನು ತುರ್ಕಿಯ ಅಲಾಶೆಹಿರಿನಲ್ಲಿ ನೋಡಿ ಬರಲು ಸಂಘ ನಮ್ಮಿಬ್ಬರನ್ನು ಕಳಿಸುತ್ತಿತ್ತು. ಬಸ್ಸು ಶುರುವಾದಾಗ ಅಧ್ಯಕ್ಷರು ಕಿಟಕಿಯ ಹತ್ತಿರ ಬಂದರು.

"ಅಕ್ಕೋರ, ಯಂತ್ರ ತಗೋಳೂದೋ ಬ್ಯಾಡೋ, ನೀವು ವರದಿಯೊಳಗ ಬರದದ್ದ ಕೊನೀ ಮಾತು. ಆದ್ರ ಗಾಜು ನಮ್ಮ ಶೆಡ್ಡಿಂದ ಅಂತ ಆತಂದ್ರ ಶೆಡ್ ಬಂದ್ ಮಾಡಿ, ಕೆಲಸಾ ಬ್ಯಾರೆ ಕಡೆ ಕೊಡಬೇಕಂತ ಸಂಘದಾಗ ಎಲ್ಲಾರೂ ಗಂಟ ಬಿದ್ದಾರ. ಆ ಮ್ಯಾಲ ನನ್ನ ಕೈಯಾಗ ಏನೂ ಇರೂದಿಲ್ಲ."

ಆ ಕಡೆ ಮಲ್ಲವ್ವನ ಗಂಡ ಅವಳಿಗೆ ಬುದ್ಧಿ ಹೇಳುತ್ತಿದ್ದ. "ವಿಮಾನದಾಗ ಕಿಡಕಿ ತಗೀಬ್ಯಾಡ, ಏನ್?"

"ತಗದ್ರ ಹೊಳ್ಳಿ ಬಂದಗಿಂದೇನು ಅಂತ ಅಂಜಿಕಿ ಏನ್ರಿ ನಿಮಗ?" ಎಂದಳು ಮಲ್ಲವ್ವ.

ಉಗಾರ ಬರುವ ಹೊತ್ತಿಗೆ ಕೃಷ್ಣೆಯ ಮೇಲಿನ ಮಂಜು ಕಬ್ಬಿನ ಗದ್ದೆಗಳ ಮೇಲೆ ಹಾಸಿತ್ತು. ಸಕ್ಕರೆ ಕಾರ್ಖಾನೆಯ ಚಿಮಣಿ ಮಾತ್ರ ಅದರ ಮೇಲೆ ತೇಲುತ್ತಿತ್ತು. ನಾನು ಆಗಲೇ ಅರ್ಧ ಬೇರೆ ದೇಶದಲ್ಲಿದ್ದೆ.

ಇಸ್ತಾಂಬುಲ್

ವಿಮಾನದಲ್ಲಿ ಮಲಗುವ ಹೊತ್ತಿಗೆ ಮಲಗಿದೆ, ಏಳುವ ಹೊತ್ತಿಗೆ ಎದ್ದೆ. ಆದರೆ ಎದ್ದಾಗ ಗಡಿಯಾರ ಒಂದು ಹೇಳುತ್ತಿತ್ತು, ಆಕಾಶ ಇನ್ನೊಂದು ಹೇಳುತ್ತಿತ್ತು. ಕೆಳಗೆ ಮೋಡಗಳು ಸಾಲುಸಾಲಾಗಿ, ನಮ್ಮ ಶೆಡ್ಡಿನ ಬಲೆಗಳ ಮೇಲೆ ಹರವಿದ ಹಸಿ ದ್ರಾಕ್ಷಿಯಂತೆ ಬಿದ್ದಿದ್ದವು. ಯಾರೋ ಬಂದು ಅವನ್ನು ತಿರುವಿಹಾಕಬೇಕು ಎಂದು ತುಂಬ ಹೊತ್ತು ಕಾದೆ.

ಇಸ್ತಾಂಬುಲಿನಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿಯ ಮುಂದೆ ಹೆಬ್ಬೆರಳಿನಷ್ಟು ಕ್ಯಾಮೆರಾ ಇತ್ತು. ಪುಸ್ತಕದ ಚಿತ್ರವನ್ನೂ ಎದುರಿಗಿರುವ ಮುಖವನ್ನೂ ಅದು ತಾಳೆ ನೋಡುತ್ತದೆ. ನಾನು ಗಲ್ಲ ಎತ್ತಿ ನೆಟ್ಟಗೆ ನಿಂತೆ. ನನ್ನದು ಕ್ಷಣದಲ್ಲಿ ಮುಗಿಯಿತು. ಮಲ್ಲವ್ವ ಸೆರಗು ಹಣೆಯ ತನಕ ಎಳೆದುಕೊಂಡು ನೆಲ ನೋಡುತ್ತ ನಿಂತಳು. ಅಧಿಕಾರಿ ಕೈ ಸನ್ನೆ ಮಾಡಿದ. ಅವಳು ಇನ್ನಷ್ಟು ತಲೆ ತಗ್ಗಿಸಿದಳು.

"ಮ್ಯಾಲ ನೋಡ, ಮಲ್ಲವ್ವಾ."

"ಪರಗಂಡಸರ ಮಾರಿ ಹ್ಯಾಂಗ ನೋಡ್ಲಿರಿ?"

"ಅವನನ್ನಲ್ಲ, ಆ ಕ್ಯಾಮೆರಾ ನೋಡ."

"ಅದರ ಹಿಂದ ಅವನ ಕುಂತಾನಲ್ರಿ!"

ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ ನಾನು ಶಾಲೆಯ ದನಿಯಲ್ಲಿ "ಸಾವಧಾನ್!" ಎಂದೆ. ಮಲ್ಲವ್ವನ ತಲೆ ತಾನಾಗಿ ಎದ್ದಿತು. ಅವಳ ಹಿಂದಿದ್ದ ಇಬ್ಬರು ಗಂಡಸರೂ ನೆಟ್ಟಗಾದರು.

ಇಜ್ಮಿರ್ ದಾಟಿದ ಮೇಲೆ

ನಮ್ಮನ್ನು ಕರೆದೊಯ್ಯಲು ಬಂದವಳು ನೆರ್ಮಿನ್. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ನಾವು ನೋಡಬೇಕಿದ್ದ ಕಾರ್ಖಾನೆಯಲ್ಲಿ ಯಂತ್ರ ನಡೆಸುವವಳು. ಅವಳು ತುರ್ಕಿಯಲ್ಲಿ ಹೇಳಿದ್ದನ್ನು ಅವಳ ಫೋನು ಹಿಂದಿಯಲ್ಲಿ ಹೇಳುತ್ತಿತ್ತು. ನಡುನಡುವೆ ಫೋನೇ ಬೇಕಾಗುತ್ತಿರಲಿಲ್ಲ. ಹವಾ, ದುನಿಯಾ, ತಾಜಾ, ಮೈದಾನ, ಸಾಬೂನು ಎಲ್ಲ ಅವಳ ಮಾತಿನಲ್ಲಿ ಸ್ವಲ್ಪ ವೇಷ ಬದಲಿಸಿ ಬರುತ್ತಿದ್ದವು. "ನಮ್ಮ ಮೀರಜದ ಕಡೆಯಾಕಿ ಇದ್ದಂಗ ಅದಾಳ್ರಿ" ಎಂದಳು ಮಲ್ಲವ್ವ.

ದಾರಿಯ ಊಟದ ಮನೆಯಲ್ಲಿ ನನ್ನ ಫೋನಿನ ಕ್ಯಾಮೆರಾವನ್ನು ಪದಾರ್ಥಗಳ ಪಟ್ಟಿಯ ಮೇಲೆ ಹಿಡಿದೆ. ತುರ್ಕಿ ಅಕ್ಷರಗಳು ನಡುಗಿ, ಕರಗಿ, ಹಿಂದಿ ಅಕ್ಷರಗಳಾಗಿ ಎದ್ದವು. ನೀರಿನೊಳಗಿನ ಬರಹ ನೋಡಿದಂತಾಯಿತು. ಮೊದಲ ಸಾಲಿನಲ್ಲಿ 'ಮದುಮಗಳ ಸೂಪು' ಎಂದಿತ್ತು. ಮಲ್ಲವ್ವ ತಟ್ಟೆ ದೂರ ತಳ್ಳಿ ರೊಟ್ಟಿಯ ಗಂಟು ಬಿಚ್ಚಿದಳು. ನೆರ್ಮಿನ್ ಕಣ್ಣೀರು ಬರುವಷ್ಟು ನಕ್ಕು, ಅದು ಯಾರೋ ಹಳೆಯ ಕಾಲದ ಮದುಮಗಳು ಮಾಡುತ್ತಿದ್ದ ಬೇಳೆಯ ಸಾರು ಎಂದು ತಿಳಿಸಿದಳು. ಕುಡಿದು ನೋಡಿದರೆ ನಮ್ಮ ಬ್ಯಾಳಿ ಕಟ್ಟಿನ ಸಾರಿಗೆ ನಿಂಬೆಹಣ್ಣು ಹಿಂಡಿದಂತಿತ್ತು. ಮಲ್ಲವ್ವ ಎರಡು ಬಟ್ಟಲು ಕುಡಿದಳು. ನೆರ್ಮಿನ್ ನಮ್ಮ ಕಡಕ್ ರೊಟ್ಟಿಯನ್ನು ಶೇಂಗಾ ಚಟ್ನಿಯೊಡನೆ ಮುರಿಮುರಿದು ತಿಂದಳು.

ಸಂಜೆಗೆ ಅವಳ ಅಣ್ಣನ ಹೈನಿನ ಮನೆಯಲ್ಲಿ ಚಹಾಕ್ಕೆ ನಿಂತೆವು. ಹಾಲು ಕರೆದ ಮೇಲೆ ಹಸುಗಳು ಒಂದು ಕಿರಿದಾದ ಓಣಿಯಲ್ಲಿ ಒಂದೊಂದಾಗಿ ಹೋಗುತ್ತವೆ. ಮೇಲಿನಿಂದ ಕ್ಯಾಮೆರಾ ಅವುಗಳ ಬೆನ್ನಿನ ಬಾಗು ಮತ್ತು ಹೆಜ್ಜೆ ನೋಡುತ್ತದೆ. ಕುಂಟಲು ಶುರುಮಾಡುವ ಮೊದಲೇ ಕಾಲುನೋವು ಅದಕ್ಕೆ ತಿಳಿಯುತ್ತದಂತೆ. ನಾವು ನೋಡುತ್ತಿದ್ದಾಗಲೇ ಪರದೆಯ ಮೇಲೆ ಒಂದು ಕಪ್ಪು ಬಿಳುಪು ಹಸುವಿನ ಹೆಸರಿನ ಮುಂದೆ ಕೆಂಪು ಗುರುತು ಬಂತು. ಮನೆಯಲ್ಲಿ ನಾಲ್ಕು ಎಮ್ಮೆ ಕಟ್ಟಿರುವ ಮಲ್ಲವ್ವ ಆ ಹಸುವಿನ ಸುತ್ತ ಒಂದು ಸುತ್ತು ಬಂದಳು.

"ಏನೂ ಆಗಿಲ್ರಿ ಇದಕ್ಕ. ಲೈ ಭಾರಿ ಐತಿ ದನ."

ಅಣ್ಣ ಹಿಂದಿನ ಕಾಲೆತ್ತಿ ನೋಡಿದ. ಗೊರಸಿನ ಸಂದಿಯಲ್ಲಿ ಕಡಲೆಕಾಳಿನಷ್ಟು ಕಲ್ಲು ಕಚ್ಚಿಕೊಂಡಿತ್ತು. ಕಾರಿನಲ್ಲಿ ಕೂತ ಮೇಲೆ ನೆರ್ಮಿನ್ ಇನ್ನೂ ಹೇಳುತ್ತಲೇ ಇದ್ದಳು: ಅವಳ ತಂಗಿಯ ಹೆಂಚಿನ ಕಾರ್ಖಾನೆಯಲ್ಲಿ ಕ್ಯಾಮೆರಾ ಕೂದಲೆಳೆಯ ಬಿರುಕು ಹುಡುಕುತ್ತದೆ, ಆಸ್ಪತ್ರೆಯಲ್ಲಿ ಅವಳ ತಾಯಿಯ ಕಣ್ಣಿನ ಒಳಗೋಡೆಯ ಚಿತ್ರ ತೆಗೆದು ಸಕ್ಕರೆ ಕಾಯಿಲೆಯ ಗುರುತು ಹೇಳಿತು, ಅವಳು ಮನೆಯಲ್ಲಿ ರೊಟ್ಟಿ ಸುಡುವ ಒಲೆಯೊಳಗೂ ಒಂದು ಕ್ಯಾಮೆರಾ ಕೂತಿದೆ. ಕಿಟಕಿಯ ಹೊರಗೆ ಮೈಲಿಗಟ್ಟಲೆ ಬಯಲು. ಇಲ್ಲಿಯವರು ದ್ರಾಕ್ಷಿಯನ್ನು ನಮ್ಮ ಹಾಗೆ ನೆರಳಿನಲ್ಲಿ ಒಣಗಿಸುವುದಿಲ್ಲ; ನೆಲದ ಮೇಲೆ ಹಾಸಿ ಬಿಸಿಲಿಗೆ ಬಿಡುತ್ತಾರೆ. ಇಳಿಬಿಸಿಲಿನಲ್ಲಿ ಇಡೀ ಬಯಲು ಜೇನುತುಪ್ಪದ ಬಣ್ಣದಲ್ಲಿ ಮಲಗಿತ್ತು. ಅದೆಲ್ಲವನ್ನೂ ಯಾವುದೋ ಕಣ್ಣು ರೆಪ್ಪೆ ಬಡಿಯದೆ ನೋಡುತ್ತಿದೆ ಅನಿಸಿತು. ಭಯವಾಗಲಿಲ್ಲ. ಬಾಲ್ಯದಲ್ಲಿ ಜ್ವರ ಬಂದಾಗ ಅವ್ವ ತಲೆದೆಸೆಯಲ್ಲಿ ಕೂತಿರುತ್ತಿದ್ದುದು ನೆನಪಾಯಿತು.

ಅಲಾಶೆಹಿರ್, ಮೊದಲ ದಿನ

ಬೆಳಿಗ್ಗೆ ಎಂಟಕ್ಕೆ ಕಾರ್ಖಾನೆಯ ಬಾಗಿಲಲ್ಲಿದ್ದೆವು. ಉಂಗುರ, ಓಲೆ, ಕೈಗಡಿಯಾರ ಎಲ್ಲ ತೆಗೆದಿಡಬೇಕು ಎಂದಳು ನೆರ್ಮಿನ್. ನಾನು ತೆಗೆದಿಟ್ಟೆ. ಮಲ್ಲವ್ವ ಎರಡೂ ಕೈಯ ಹಸಿರು ಗಾಜಿನ ಬಳೆಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಗಂಡ ಇದ್ದಾಕಿ ನಾನು. ಬಳಿ ತಗದ ಒಳಗ ಬರಂಗಿಲ್ಲ. ಬೇಕಾದ್ರ ಹೊರಗ ಕುಂಡ್ರತೇನಿ."

ನೆರ್ಮಿನ್‌ಗೆ ವಿಷಯ ತಿಳಿಸಿದೆ. ಅವಳು ಅಗಲವಾದ ಬಟ್ಟೆಪಟ್ಟಿ ತಂದು ಮಲ್ಲವ್ವನ ಮಣಿಕಟ್ಟಿನಿಂದ ಮೊಳಕೈ ತನಕ ಬಿಗಿಯಾಗಿ ಸುತ್ತಿದಳು. ಕೈ ಮುರಿದವಳಂತೆ ಕಾಣುತ್ತಿದ್ದ ಮಲ್ಲವ್ವ ಘನತೆಯಿಂದ ಒಳಗೆ ನಡೆದಳು.

ಯಂತ್ರ ಎರಡಾಳೆತ್ತರ. ಅದರ ಹಣೆಯ ಮೇಲೆ ನೀಲಿ ಗಾಜಿನ ದೊಡ್ಡ ಕಣ್ಣೊಂದನ್ನು ತೂಗುಹಾಕಿದ್ದರು. ಇಲ್ಲಿ ಮನೆ, ಅಂಗಡಿ, ಮಗುವಿನ ತೊಟ್ಟಿಲು, ಎಲ್ಲೆಲ್ಲೂ ದೃಷ್ಟಿ ತಾಗದಿರಲು ಈ ಮಣಿ ಕಟ್ಟುತ್ತಾರೆ. ಸಾವಿರ ಕಾಳನ್ನು ಒಮ್ಮೆಗೇ ನೋಡುವ ಯಂತ್ರಕ್ಕೂ ಯಾರದಾದರೂ ಕಣ್ಣು ಬಿದ್ದೀತು ಎಂಬ ಚಿಂತೆ. "ನಾವಾಗಿದ್ರ ಮೆಣಸಿನಕಾಯಿ ಲಿಂಬಿಹಣ್ಣ ಕಟ್ಟತಿದ್ವಿ" ಎಂದಳು ಮಲ್ಲವ್ವ.

ದ್ರಾಕ್ಷಿ ಒಂದು ಅಗಲವಾದ ಅಂಚಿನಿಂದ ತೆಳುವಾಗಿ ಜಲಪಾತದಂತೆ ಬೀಳುತ್ತದೆ. ಬೀಳುವಾಗಲೇ ಕ್ಯಾಮೆರಾಗಳು ಒಂದೊಂದು ಕಾಳನ್ನೂ ನೋಡುತ್ತವೆ. ಕೆಟ್ಟದ್ದು ಕಂಡರೆ ಗಾಳಿಯ ಒಂದು ಉಸಿರು ಅದನ್ನು ಪಕ್ಕಕ್ಕೆ ಹಾರಿಸುತ್ತದೆ. ಟುಸ್, ಟುಸ್, ಟುಸ್. ನೋಡುತ್ತ ನಿಂತರೆ ಹೊತ್ತು ಹೋಗುವುದು ತಿಳಿಯುವುದಿಲ್ಲ. ನಾನು ಹತ್ತು ಗಂಟೆಯ ಮಾತ್ರೆಯನ್ನು ಹನ್ನೊಂದೂವರೆಗೆ ನುಂಗಿದೆ. ಎಷ್ಟೋ ವರ್ಷಗಳಲ್ಲಿ ಹೀಗಾದದ್ದು ಮೊದಲ ಸಲ.

ಮಧ್ಯಾಹ್ನ ಮಾದರಿ ಪರೀಕ್ಷಿಸುವ ಸಣ್ಣ ಯಂತ್ರಕ್ಕೆ ನಮ್ಮ ನಾಲ್ಕು ಕಿಲೋ ಸುರಿದೆವು. ಗಂಧಕದ ಹೊಗೆ ಹಾಕಿ ನೆರಳಿನಲ್ಲಿ ಒಣಗಿಸಿದ, ಗಿಳಿಹಸಿರು ಬಣ್ಣದ, ಶೆಡ್ಡಿನ ಒಂದನೇ ನಂಬರಿನ ಮಾಲು. ಯಂತ್ರ ಒಂದೇ ಸಮನೆ ಉಸಿರು ಬಿಟ್ಟಿತು. ನಾಲ್ಕು ಕಿಲೋ ಹೆಚ್ಚುಕಡಿಮೆ ಪೂರ್ತಿ ಕಸದ ಡಬ್ಬಿಗೆ ಹೋಯಿತು. ಒಳ್ಳೆಯದರ ಡಬ್ಬಿಯಲ್ಲಿ ಕಂದುಬಣ್ಣಕ್ಕೆ ತಿರುಗಿದ ಏಳೆಂಟು ಕಾಳು ಕೂತಿದ್ದವು. ಅವನ್ನು ನಾವು ದನಕ್ಕೂ ಹಾಕುವುದಿಲ್ಲ.

"ಇದರ ಕಣ್ಣಿಗಿಷ್ಟ ಮಣ್ಣ ಹಾಕ!" ಮಲ್ಲವ್ವ ಕೂಗಿದಳು. "ಮುತ್ತಿನಂಥಾ ಮಾಲು ಒಗದು ಹಾಳ ಕಾಳ ಇಟ್ಕೊಂಡೈತಿ!"

ನೆರ್ಮಿನ್ ಶಾಂತವಾಗಿ ಹೇಳಿದಳು: ಹಸಿರು ದ್ರಾಕ್ಷಿಯನ್ನು ಇದು ಹುಟ್ಟಿದಾಗಿನಿಂದ ನೋಡಿಲ್ಲ. ಒಣಗಿದ್ದು ಜೇನಿನ ಬಣ್ಣದ್ದಾಗಿರಬೇಕು ಎಂದು ನಾನು ಕಲಿಸಿದ್ದೇನೆ. ನಿಮ್ಮದನ್ನು ನೀವು ಕಲಿಸಬೇಕು.

ಸಂಜೆ ಕೇಳಿದೆ, ಯಂತ್ರ ಬರುವ ಮೊದಲು ನೀನು ಏನು ಮಾಡುತ್ತಿದ್ದೆ ಎಂದು. ಇದೇ ಕೋಣೆಯಲ್ಲಿ ಕೈಯಿಂದ ಆರಿಸುತ್ತಿದ್ದೆ ಎಂದಳು. ನಲವತ್ತು ಹೆಂಗಸರಿದ್ದರಂತೆ. ಈಗ ಆರು ಮಂದಿ. ಉಳಿದವರು? ಕೆಲವರು ಅಂಜೂರದ ಕೆಲಸಕ್ಕೆ ಹೋದರು, ಕೆಲವರು ಮನೆಯಲ್ಲಿದ್ದಾರೆ, ದಾರಿಯಲ್ಲಿ ಸಿಕ್ಕರೆ ಇಬ್ಬರು ಮಾತಾಡಿಸುವುದಿಲ್ಲ. ಫೋನು ಇದನ್ನೆಲ್ಲ ಎಂದಿನ ನಗುದನಿಯಲ್ಲೇ ಹಿಂದಿಯಲ್ಲಿ ಹೇಳಿತು.

ಅಲಾಶೆಹಿರ್, ಎರಡನೆಯ ದಿನ

ಬೆಳಿಗ್ಗೆ ಎಂಟೂಕಾಲಿಗೆ ಪಾಠ ಶುರು. ಮಲ್ಲವ್ವನ ಮುಂದೆ ಎರಡು ಅಗಲವಾದ ತಗಡಿನ ತಟ್ಟೆ, ನಮ್ಮ ಶೆಡ್ಡಿನ ಪರಾತದಂಥವು. ಒಂದಕ್ಕೆ ಒಳ್ಳೆಯ ಕಾಳು, ಇನ್ನೊಂದಕ್ಕೆ ಕೆಟ್ಟದ್ದು. ಅವಳು ಆರಿಸಿಟ್ಟದ್ದನ್ನು ನೆರ್ಮಿನ್ ಕ್ಯಾಮೆರಾದ ಕೆಳಗೆ ಹರವಿ ಚಿತ್ರ ತೆಗೆಯುತ್ತಿದ್ದಳು. ಮಲ್ಲವ್ವನ ಬೆರಳು ಓಡುತ್ತಿದ್ದರೆ ಯಂತ್ರ ಪಕ್ಕದಲ್ಲಿ ಸುಮ್ಮನೆ ನೋಡುತ್ತಿತ್ತು. ಮೇಲಿನ ಗಾಜಿನ ಮಾಡಿನಿಂದ ಬಿಸಿಲಿನ ಒಂದು ಹಲಗೆ ಇಳಿದು ದ್ರಾಕ್ಷಿಯ ಮೇಲೆ ನಿಂತಿತ್ತು. ಆ ಕೋಣೆಯಲ್ಲಿ ಯಾರು ಗುರು, ಯಾರು ಶಿಷ್ಯೆ ಎಂದು ಹೇಳುವುದು ಕಷ್ಟವಾಗಿತ್ತು; ನನಗೆ ಹೇಳಬೇಕೆಂದೂ ಅನಿಸಲಿಲ್ಲ.

ಕಾಳು ಗುಡ್ಡೆಯಾದಾಗ ಮಲ್ಲವ್ವ ಅಭ್ಯಾಸಬಲದಿಂದ ಪರಾತದ ಅಂಚಿಗೆ ಮಣಿಕಟ್ಟನ್ನು ಎರಡು ಸಲ ಬಡಿದಳು. ಕಾಳು ಹರಡಿಕೊಂಡವು. ಇದು ನಮ್ಮ ಶೆಡ್ಡಿನ ಪದ್ಧತಿ. ಹೇಳಬೇಕೆಂದರೆ ನಾನೇ ಹಾಕಿಕೊಟ್ಟದ್ದು. ಕಾಲು ತಾಸಿಗೊಮ್ಮೆ ನಾನು ಸೀಟಿ ಊದುತ್ತೇನೆ. ಮೂವತ್ತೆರಡು ಮಂದಿಯೂ ಒಟ್ಟಿಗೆ ಪರಾತದ ಅಂಚಿಗೆ ಕೈ ಬಡಿದು ಕಾಳು ಹರವಿ ಮುಂದಿನ ಸರದಿ ಶುರುಮಾಡಬೇಕು. ಆಗ ಎಲ್ಲರ ಬಳೆಗಳೂ ಒಂದೇ ಸಲಕ್ಕೆ ಘಲ್ ಎನ್ನುತ್ತಿದ್ದವು. ಆ ಶಬ್ದ ನನಗೆ ಬಹಳ ಇಷ್ಟವಾಗಿತ್ತು. ಬಂದವರಿಗೆಲ್ಲ ಸೀಟಿ ಊದಿ ಕೇಳಿಸುತ್ತಿದ್ದೆ.

ಇಲ್ಲಿ ಬಟ್ಟೆ ಸುತ್ತಿದ ಕೈಯಿಂದ ದಪ್ ದಪ್ ಎಂದಷ್ಟೇ ಕೇಳಿಸಿತು.

ಹನ್ನೆರಡಕ್ಕೆ ನಾಲ್ಕು ಕಿಲೋವನ್ನು ಮತ್ತೆ ಸುರಿದೆವು. ಈ ಸಲ ಹಸಿರು ಕಾಳು ಒಳ್ಳೆಯ ಡಬ್ಬಿಗೇ ಬಿದ್ದವು. ಮಲ್ಲವ್ವ ಯಂತ್ರದ ಬೆನ್ನು ತಟ್ಟಿದಳು. ನೆರ್ಮಿನ್ ಇನ್ನೊಂದು ದೀಪವಿದೆ ಎಂದಳು. ಅದರ ಕಿರಣ ಹಣ್ಣಿನ ಮೇಲೆ ಬಿದ್ದರೆ ಒಳಗೆಲ್ಲ ಹರಡಿ ಮಿನುಗುತ್ತದೆ. ಕಲ್ಲಿನ ಮೇಲೋ ಗಾಜಿನ ಮೇಲೋ ಬಿದ್ದರೆ ಹಾಗಾಗುವುದಿಲ್ಲ. ಬಣ್ಣ ಒಂದೇ ಇದ್ದರೂ ತಿಳಿದುಬಿಡುತ್ತದೆ. ಅದನ್ನು ಹಚ್ಚಿ, ಒಳ್ಳೆಯ ಡಬ್ಬಿಯ ಮಾಲನ್ನೇ ಮೂರನೆಯ ಸಲ ಬಿಟ್ಟಳು.

ಟುಸ್. ತುಂಬ ಹೊತ್ತಿನ ಮೇಲೆ ಇನ್ನೊಂದು ಟುಸ್.

ಕಸದ ಡಬ್ಬಿಯ ತಳದಲ್ಲಿ ಒಂದು ಸಣ್ಣ ಕಲ್ಲು, ಮತ್ತು ಅಕ್ಕಿಕಾಳಿನಷ್ಟು ಉದ್ದದ ಹಸಿರು ಗಾಜಿನ ಚೂರು. ಒಂದು ಬದಿ ಸ್ವಲ್ಪ ಬಾಗಿತ್ತು. ಬಳೆಯ ಚೂರು ಎಂದು ತಿಳಿಯಲು ಯಂತ್ರ ಬೇಕಿರಲಿಲ್ಲ.

ನೆರ್ಮಿನ್ ಚಹಾ ತರುತ್ತೇನೆಂದು ಹೊರಗೆ ಹೋದಳು. ಬೇಕೆಂದೇ ಹೋದಳು ಎಂದುಕೊಂಡಿದ್ದೇನೆ. ಮಲ್ಲವ್ವ ಚೂರನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದಳು.

"ಇದು ಇಲ್ಲೇದಿರಬೇಕ್ರಿ, ಅಕ್ಕೋರ."

"ಇಲ್ಲಿ ಯಾರ ಕೈಯಾಗ ಬಳಿ ಅದಾವು?"

"ನನ್ನ ಕೈಯಿಂದ ಈಗ ಬಿದ್ದಿರಬೇಕ್ರಿ."

"ನಿನ್ನ ಕೈಗೆ ಬಟ್ಟಿ ಸುತ್ತೈತಿ. ಚೀಲದ ಬಾಯಿ ನಾನ ಹೊಲದೇನಿ."

ಅವಳು ಯಂತ್ರಕ್ಕೆ ಒರಗಿ ಕೂತಳು. "ಇದನ್ನ ಇಲ್ಲೇ ಎಲ್ಲರೆ ಒಗದ ಹೋಗೂಣ್ರಿ. ನೀವು ನೋಡಿಲ್ಲ, ನಾನೂ ನೋಡಿಲ್ಲ. ಮೂವತ್ತೆರಡ ಒಲಿ ಅದಾವ್ರಿ ಆ ಶೆಡ್ಡಿನ ಮ್ಯಾಲ. ಯಾರ ಬಳಿ ಒಡದೈತೋ ಯಾರಿಗೆ ಗೊತ್ತು? ದುರ್ಗವ್ವಂದೋ, ಕಸ್ತೂರೀದೋ, ನಂದೋ..."

ಆ ದಪ್ ದಪ್ ಇನ್ನೂ ಕಿವಿಯಲ್ಲಿತ್ತು. ಕಾಲು ತಾಸಿಗೊಂದು ಸೀಟಿ, ಬೆಳಿಗ್ಗೆಯಿಂದ ಸಂಜೆಯವರೆಗೆ, ತಗಡಿನ ಅಂಚಿಗೆ ಗಾಜು. ಯಾರ ಬಳೆ ಎಂದು ಹುಡುಕುವುದೇನಿತ್ತು?

"ಯಾರ ಬಳೀದಾದ್ರೂ, ಒಡದಾಕಿ ನಾನ" ಎಂದೆ.

ಮಲ್ಲವ್ವ ನನ್ನ ಮುಖ ನೋಡಿದಳು. ಅವಳಿಗೆ ಮೊದಲೇ ಗೊತ್ತಿತ್ತೋ ಏನೋ. "ನಿಮ್ಮ ಸೀಟಿಗೆ ಅಂಜಿ ಜೋರ ಬಡೀತಿದ್ವಿ ಖರೆ" ಎಂದಳು ಮೆಲ್ಲಗೆ. "ಮೆತ್ತಗ ಬಡದ್ರ ಮತ್ತೊಮ್ಮಿ ಊದ್ತಿದ್ರಿ."

ಸಂಜೆ

ಐದಕ್ಕೆ ವಸತಿಗೃಹದ ಅಂಗಳದ ಮೇಜಿಗೆ ಕೂತೆ. ತಲೆಯ ಮೇಲೆ ದ್ರಾಕ್ಷಿ ಚಪ್ಪರ, ಕಾಗದದ ಮೇಲೆ ಅಲುಗಾಡುವ ಎಲೆಗಳ ನೆರಳು. ವರದಿ ಒಂದೇ ಪುಟ. ಸಣ್ಣ ಯಂತ್ರ ಸಾಕು, ಅದು ಕಲ್ಲು, ಕಡ್ಡಿ, ಗಾಜು ಹಿಡಿಯಲಿ ಎಂದು ಬರೆದೆ. ನಮ್ಮ ಹಸಿರಿನಲ್ಲಿ ನಾಲ್ಕು ದರ್ಜೆ ಇವೆ, ಪ್ರತಿ ಸುಗ್ಗಿಗೂ ಬಣ್ಣ ಬೇರೆ. ಅದನ್ನು ಆರಿಸಲು, ಯಂತ್ರಕ್ಕೆ ಪ್ರತಿ ವರ್ಷ ಹೊಸದಾಗಿ ಕಲಿಸಲು ಈ ಹೆಂಗಸರ ಕಣ್ಣೇ ಬೇಕು ಎಂದು ಬರೆದೆ. ಇಲ್ಲಿ ನಲವತ್ತು ಮಂದಿ ಆರಕ್ಕಿಳಿದದ್ದನ್ನೂ ಮುಚ್ಚಿಡಲಿಲ್ಲ. ಕೊನೆಗೆ: ಗಾಜು ನಮ್ಮ ಶೆಡ್ಡಿನದೇ, ಸಭೆಯಲ್ಲಿ ನಾನು ಹೇಳಿದ್ದು ತಪ್ಪು, ಹೆಂಗಸರು ಎಚ್ಚರ ತಪ್ಪಿದ್ದಲ್ಲ, ನಾನು ಹಾಕಿದ ಪದ್ಧತಿಯಿಂದ ಬಳೆ ಒಡೆದಿವೆ. ಮಲ್ಲವ್ವನಿಗೆ ಓದಿ ಹೇಳಿ, ಚಿತ್ರ ತೆಗೆದು ಅಧ್ಯಕ್ಷರಿಗೆ ಕಳಿಸಿದೆ.

ಐದೂ ಮುಕ್ಕಾಲಿಗೆ ಅವರ ಫೋನು ಬಂತು.

"ಅಕ್ಕೋರ, ಇದನ್ನ ನೀವ ಬರದೀರೋ, ಯಾರರೆ ಅಂಜಿಸಿ ಬರಸ್ಯಾರೋ?"

"ನಾನ ಬರದೇನ್ರಿ."

"ಕೊನೀ ಮಾತು ತಗದ ಕಳಸ್ರಿ. ನಾ ಓದಿಲ್ಲ ಅಂತ ತಿಳೀತೇನಿ."

"ಇಲ್ರಿ. ಅದನ್ನ ತಗದ್ರ ಮ್ಯಾಲಿಂದೂ ಸುಳ್ಳ ಆಗ್ತಾವು."

ಮಲ್ಲವ್ವ ನನ್ನ ಕುರ್ಚಿಯ ಹಿಂಬದಿ ಹಿಡಿದು ನಿಂತಿದ್ದಳು.

"ಹಂಗಾರ ಸಭಾದಾಗ ಇದನ್ನ ಓದ್ತೇನಿ" ಎಂದರು ಅಧ್ಯಕ್ಷರು. "ತಪ್ಪು ಪದ್ಧತೀದು, ಮಂದೀದಲ್ಲ ಅಂತ ಹೇಳ್ತೇನಿ. ಶೆಡ್ ಉಳಸ್ಕೋತೇನ್ರಿ. ಆದ್ರ ಅಕ್ಕೋರ, ಎಲ್ಲಾ ಉಳದು ನೀವೂ ಉಳೀಬೇಕಂದ್ರ ಸಂಘದ ಮಂದಿ ಒಪ್ಪಂಗಿಲ್ಲ."

"ಒಪ್ಪಬಾರದ್ರಿ."

"ಮೇಲ್ವಿಚಾರಣೀಗೆ ಯಾರನ್ನ ಇಡೂಣು?"

ಬರೆದು ಕಳಿಸುತ್ತೇನೆಂದು ಹೇಳಿ ಫೋನಿಟ್ಟೆ. ಮೂವತ್ತೆರಡು ಹೆಸರುಗಳನ್ನು ಮನಸ್ಸಿನಲ್ಲಿ ಹಾಜರಿ ಕರೆದೆ. ಬಯಲಿನ ಕಡೆಯಿಂದ ಒಣಗುವ ದ್ರಾಕ್ಷಿಯ ಸಿಹಿ ವಾಸನೆ ಬರುತ್ತಿತ್ತು. ಹೊತ್ತು ಮುಳುಗಲು ಇನ್ನೂ ಅವಸರಪಟ್ಟಿರಲಿಲ್ಲ. ವರದಿಯ ಕೆಳಗೆ ಒಂದು ಸಾಲು ಸೇರಿಸಿದೆ. ಮಲ್ಲವ್ವ ಬಗ್ಗಿ, ಅಕ್ಷರ ಕೂಡಿಸಿ ಓದಿದಳು.

"ಅಯ್ಯ, ನನ್ನ ಹೆಸರ ಯಾಕ ಬರದ್ರಿ? ನನಗ ಸೀಟಿ ಊದಾಕ ಬರೂದಿಲ್ಲಲ್ರಿ!"

"ಅದಕ್ಕ ಬರದೇನಿ."

ಚಿತ್ರ ತೆಗೆದು ಕಳಿಸಿದೆ. ತಲುಪಿತೆಂಬ ಗುರುತು ಬಂತು. ಪೆನ್ನಿಗೆ ಮುಚ್ಚಳ ಹಾಕಿ ಗಡಿಯಾರ ನೋಡಿದೆ. ಆರೂಕಾಲು.